ಹಂಫ್ರಿ ಲಿಟಲ್‌ಟನ್ ಹಳೆಯ ಜಾಝ್ ಅನ್ನು ಕೈಬಿಟ್ಟರೆಂಬುದು ಎಷ್ಟರಮಟ್ಟಿಗೆ ನಿಜ?

ಕೇಳುಗ (ಧಾರವಾಡ) — ಪ್ರಶ್ನೆ

ಬ್ರಿಟನ್ನಿನ ಟ್ರಂಪೆಟ್ ವಾದಕ ಮತ್ತು ಬ್ಯಾಂಡಿನ ಮುಖ್ಯಸ್ಥ ಹಂಫ್ರಿ ಲಿಟಲ್‌ಟನ್ (1921–2008) ಅವರ ಬಗ್ಗೆ ಓದತೊಡಗಿದಾಗಿನಿಂದ ಒಂದು ಗೊಂದಲ ನನ್ನಲ್ಲಿ ಉಳಿದುಬಿಟ್ಟಿದೆ. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ನ್ಯೂ ಆರ್ಲಿಯನ್ಸ್ ಶೈಲಿಯ ಹಳೆಯ ಜಾಝ್‌ಗೆ ಮರುಜೀವ ಕೊಟ್ಟವರನ್ನು ನೆನೆಯುವಾಗ ಅವರ ಹೆಸರನ್ನು ಎಲ್ಲರೂ ಮೊದಲಿಗೇ ಹೇಳುತ್ತಾರೆ. ಆದರೆ 1953ರಲ್ಲಿ ಬ್ರೂಸ್ ಟರ್ನರ್ ಎಂಬ ಆಲ್ಟೊ ಸ್ಯಾಕ್ಸೊಫೋನ್ ವಾದಕರು ತಂಡಕ್ಕೆ ಸೇರಿದಾಗ ಅವರದೇ ಅಭಿಮಾನಿಗಳು ಬರ್ಮಿಂಗ್‌ಹ್ಯಾಮ್‌ನ ಕಛೇರಿಯಲ್ಲಿ 'ಕೊಳಕು ಬಾಪರ್ (ಬೀಬಾಪ್ ಎಂಬ ಹೊಸ ಜಾಝ್ ನುಡಿಸುವವ), ಮನೆಗೆ ಹೋಗು' ಎಂಬ ಬ್ಯಾನರ್ ಎತ್ತಿ ಹಿಡಿದರೆಂದೂ, ಅಲ್ಲಿಂದಾಚೆಗೆ ಲಿಟಲ್‌ಟನ್ ಸಂಪ್ರದಾಯದ ದಾರಿಯನ್ನೇ ಬಿಟ್ಟರೆಂದೂ ಅದೇ ಬರಹಗಳು ಹೇಳುತ್ತವೆ.

ಒಂದು ವಾದ್ಯ ಸೇರಿಕೊಂಡ ಮಾತ್ರಕ್ಕೆ ಇಷ್ಟೊಂದು ಕೋಪ ಏಕೆ? ಆ ಶ್ರೋತೃಗಳು ಯಾವ ಸಂಪ್ರದಾಯವನ್ನು ಕಾಪಾಡುತ್ತಿದ್ದೇವೆಂದು ನಂಬಿದ್ದರು? ಜೊತೆಗೆ, ಈಟನ್ ಶಾಲೆಯಲ್ಲಿ ಓದಿ ಸೇನಾಧಿಕಾರಿಯಾಗಿದ್ದ ಒಬ್ಬ ಇಂಗ್ಲಿಷ್ ಕುಲೀನ, ಅಮೆರಿಕದ ಕರಿಯರ ಬೀದಿಗಳಲ್ಲಿ ಹುಟ್ಟಿದ ಸಂಗೀತಕ್ಕೆ ಬಂದದ್ದಾದರೂ ಹೇಗೆ? ತಿಳಿದವರು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆಂದು ಕೋರುತ್ತೇನೆ.

ಗ್ರಾಮಫೋನ್ ತಟ್ಟೆ — ಉತ್ತರ

ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರ ಅದರಲ್ಲಿಯೇ ಅಡಗಿದೆ.

ಲಿಟಲ್‌ಟನ್ ಈಟನ್‌ನಲ್ಲಿ ಓದಿದ್ದಷ್ಟೇ ಅಲ್ಲ, ಅವರು ಹುಟ್ಟಿದ್ದೂ ಅಲ್ಲಿಯೇ. ತಂದೆ ಜಾರ್ಜ್ ಲಿಟಲ್‌ಟನ್ ಆ ಶಾಲೆಯ ಅಧ್ಯಾಪಕರು. ಲೂಯಿ ಆರ್ಮ್‌ಸ್ಟ್ರಾಂಗ್ ಮತ್ತು ಲಂಡನ್ನಿನ ನ್ಯಾಟ್ ಗೊನೆಲ್ಲಾ ಅವರ ತಟ್ಟೆಗಳನ್ನು ಕೇಳಿದ ಹುಡುಗ ಗುರುವಿಲ್ಲದೆ ತಾನೇ ಟ್ರಂಪೆಟ್ ಕಲಿತು, 1936ರಲ್ಲಿ ಶಾಲೆಯೊಳಗೇ ನಾಲ್ವರ ಒಂದು ತಂಡ ಕಟ್ಟಿದ. ಡ್ರಮ್ ನುಡಿಸುತ್ತಿದ್ದವನು ಮುಂದೆ ಪತ್ರಕರ್ತನಾಗಿ ಹೆಸರು ಮಾಡಿದ ಲುಡೊವಿಕ್ ಕೆನಡಿ. ಶಾಲೆ ಮುಗಿದ ಮೇಲೆ ವೇಲ್ಸ್‌ನ ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆಯಲ್ಲಿ ಕೆಲವು ಕಾಲ ಕೆಲಸ ಮಾಡಿದರು. ಮನೆತನದವರಿಗೆ ಒಗ್ಗದಿದ್ದ ಸಮಾಜವಾದಿ ಒಲವು ಅಲ್ಲಿಂದ ಅಂಟಿಕೊಂಡು ಕೊನೆಯವರೆಗೂ ಉಳಿಯಿತು. ಯುದ್ಧದಲ್ಲಿ ಗ್ರೆನೇಡಿಯರ್ ಗಾರ್ಡ್ಸ್ ದಳದ ಅಧಿಕಾರಿಯಾಗಿದ್ದು, 1943ರ ಸೆಪ್ಟೆಂಬರಿನಲ್ಲಿ ಇಟಲಿಯ ಸಲೆರ್ನೊ ತೀರಕ್ಕೆ ಇಳಿದ ಸೇನೆಯಲ್ಲಿದ್ದರು. ಅವರು ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಟ್ರಂಪೆಟ್ ಹಿಡಿದು ದಡ ಹತ್ತಿದರೆಂಬ ಮಾತು ಅವರ ಬಗೆಗಿನ ಪ್ರತಿಯೊಂದು ಲೇಖನದಲ್ಲಿಯೂ ಬರುತ್ತದೆ. ದಂತಕಥೆಯ ಅಂಶ ಅದರಲ್ಲಿ ಎಷ್ಟೇ ಇರಲಿ, ಯುರೋಪಿನಲ್ಲಿ ಯುದ್ಧ ಮುಗಿದ 1945ರ ಮೇ 8ರಂದು ಬಕಿಂಗ್‌ಹ್ಯಾಮ್ ಅರಮನೆಯ ಬಳಿ ಸೇರಿದ್ದ ಜನಜಂಗುಳಿಯ ನಡುವೆ ಒಂದು ಕೈಗಾಡಿಯಲ್ಲಿ ಕುಳಿತು ಅವರು ಟ್ರಂಪೆಟ್ ಊದಿದ್ದು ಬಿಬಿಸಿಯ ಧ್ವನಿಮುದ್ರಣದಲ್ಲಿ ಆಕಸ್ಮಿಕವಾಗಿ ದಾಖಲಾಗಿದೆ.

ಸೇನೆಯಿಂದ ಬಿಡುಗಡೆಯಾದ ಮೇಲೆ ಕ್ಯಾಂಬರ್‌ವೆಲ್ ಕಲಾಶಾಲೆಗೆ ಸೇರಿದರು. ಕ್ಲಾರಿನೆಟ್ ವಾದಕ ವಾಲಿ ಫಾಕ್ಸ್ ಅವರ ಒಡನಾಟ ಬೆಳೆದದ್ದು ಆ ದಿನಗಳಲ್ಲಿ. 1947ರಲ್ಲಿ ಇಬ್ಬರೂ ಕೆಂಟ್ ಪ್ರಾಂತ್ಯದ ಬಾರ್ನ್‌ಹರ್ಸ್ಟ್‌ನಲ್ಲಿದ್ದ 'ರೆಡ್ ಬಾರ್ನ್' ಎಂಬ ಪಬ್ಬಿನಲ್ಲಿ ನುಡಿಸುತ್ತಿದ್ದ ಜಾರ್ಜ್ ವೆಬ್ಬರ ಡಿಕ್ಸಿಲ್ಯಾಂಡರ್ಸ್ ತಂಡದಲ್ಲಿದ್ದರು. ಆ ತಂಡ ಒಡೆದು, 1948ರಲ್ಲಿ ಲಿಟಲ್‌ಟನ್ ಸ್ವಂತ ಬ್ಯಾಂಡ್ ಕಟ್ಟಿದಾಗ ವೆಬ್ಬರೇ ಅದರಲ್ಲಿ ಪಿಯಾನೊ ಮುಂದೆ ಕುಳಿತರು. ಹೊಟ್ಟೆಪಾಡಿಗೆ ಡೈಲಿ ಮೇಲ್ ಪತ್ರಿಕೆಯ ಕೆಲಸವಿತ್ತು. ಅಲ್ಲಿ ವ್ಯಂಗ್ಯಚಿತ್ರ ಬರೆಯುವುದರ ಜೊತೆಗೆ, ಫಾಕ್ಸ್ ಅವರ 'ಫ್ಲೂಕ್' ಎಂಬ ಕಾಮಿಕ್ಸ್ ಪಟ್ಟಿಗೆ ಕಥೆಯನ್ನೂ ಹೊಸೆಯುತ್ತಿದ್ದರು.

ಈಗ ಸಂಪ್ರದಾಯದ ಮಾತು. ಈ ಶೈಲಿಯಲ್ಲಿ ಟ್ರಂಪೆಟ್ ಮೂಲ ಧಾಟಿಯನ್ನು ಹಿಡಿದು ಮುನ್ನಡೆಯುತ್ತದೆ, ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಸುತ್ತಿಕೊಂಡು ಹರಿಯುತ್ತದೆ, ಟ್ರಾಂಬೋನ್ ಕೆಳಸ್ಥಾಯಿಯಲ್ಲಿ ಎಳೆದೆಳೆದು ಬುನಾದಿ ಹಾಕುತ್ತದೆ. ಮೂವರೂ ಏಕಕಾಲಕ್ಕೆ ಮನೋಧರ್ಮದಿಂದ ನುಡಿಸಿದರೂ ಒಬ್ಬರನ್ನೊಬ್ಬರು ತುಳಿಯುವುದಿಲ್ಲ. ಈ ಮೂರು ಎಳೆಗಳ ಹೆಣಿಗೆಯೇ ಸಂಗೀತದ ಜೀವ ಎಂದು ನಂಬಿದವರಿಗೆ ನಾಲ್ಕನೆಯ ಎಳೆಯಾಗಿ ಸ್ಯಾಕ್ಸೊಫೋನ್ ಬಂದರೆ ಹೆಣಿಗೆ ಕೆಡುತ್ತದೆ ಎನ್ನಿಸುವುದು ಸಹಜ. ಅದಲ್ಲದೆ, ಸ್ಯಾಕ್ಸೊಫೋನ್ ಅವರ ಕಣ್ಣಿಗೆ ಡಾನ್ಸ್ ಹಾಲ್‌ಗಳ ಅಗ್ಗದ ಸಂಗೀತದ ಗುರುತಾಗಿತ್ತು, ಆಗಷ್ಟೇ ನ್ಯೂಯಾರ್ಕಿನಿಂದ ಬಂದಿದ್ದ ಬೀಬಾಪ್ ಎಂಬ ಹೊಸ ಜಾಝ್‌ನ ಗುರುತೂ ಆಗಿತ್ತು.

ಕದ್ರಿ ಗೋಪಾಲನಾಥರ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದ ನಮಗೆ ಈ ಮುನಿಸು ವಿಚಿತ್ರವೆನಿಸಬಹುದು. ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮರುಳಾದ ಅವರೂ ಸಂದೇಹಗಳನ್ನು ದಾಟಿಯೇ ಬಂದವರು.

ಮಂದ್ರ — ಉತ್ತರ

ತಟ್ಟೆಯವರ ವಿವರಣೆ ಚೆನ್ನಾಗಿದೆ. ಆದರೆ ಬ್ಯಾನರ್ ಹಿಡಿದವರನ್ನು ಬರೀ ಮಡಿವಂತರೆಂದು ಬದಿಗೆ ಸರಿಸುವುದು ನ್ಯಾಯವಲ್ಲ. ಅವರ ಪಕ್ಷವನ್ನು ತಿಳಿಯಬೇಕಾದರೆ ಕೆನ್ ಕಾಲ್ಯರ್ ಎಂಬ ಇನ್ನೊಬ್ಬ ಟ್ರಂಪೆಟ್ ವಾದಕನ ಬದುಕನ್ನು ಪಕ್ಕದಲ್ಲಿಟ್ಟು ನೋಡಬೇಕು.

1928ರಲ್ಲಿ ಗ್ರೇಟ್ ಯಾರ್ಮತ್‌ನಲ್ಲಿ ಹುಟ್ಟಿದ ಕಾಲ್ಯರ್ ಬಡ ಮನೆಯವನು, ಸರಕುಹಡಗುಗಳಲ್ಲಿ ದುಡಿದವನು. ನ್ಯೂ ಆರ್ಲಿಯನ್ಸ್ ಜಾಝ್‌ನ ನಿಜವಾದ ದನಿ ಗ್ರಾಮಫೋನ್ ತಟ್ಟೆಗಳಲ್ಲಿಲ್ಲ, ಆ ಊರಿನಲ್ಲಿ ಇನ್ನೂ ನುಡಿಸುತ್ತಿರುವ ಮುದುಕರ ಉಸಿರಿನಲ್ಲಿದೆ ಎಂಬುದು ಅವನ ದೃಢ ನಂಬಿಕೆ. ಅದಕ್ಕಾಗಿ ಅವನು ಮತ್ತೆ ಹಡಗಿನ ಕೆಲಸ ಹಿಡಿದು, ಅಲಬಾಮಾದ ಮೊಬೀಲ್ ಬಂದರಿನಲ್ಲಿ ಹಡಗು ಬಿಟ್ಟು, 1952ರಲ್ಲಿ ನ್ಯೂ ಆರ್ಲಿಯನ್ಸ್ ಸೇರಿಕೊಂಡ. ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ ಮತ್ತು ಅವರ ಸಂಗಡಿಗರ ಜೊತೆ, ಬಿಳಿಯರೂ ಕರಿಯರೂ ಒಂದೇ ವೇದಿಕೆ ಹತ್ತುವುದು ನಿಷಿದ್ಧವಾಗಿದ್ದ ಊರಿನಲ್ಲಿ, ಕುಳಿತು ನುಡಿಸಿದ. ವೀಸಾದ ಅವಧಿ ಮೀರಿದ್ದಕ್ಕೆ ಜೈಲು ಸೇರಿ, 1953ರಲ್ಲಿ ಗಡೀಪಾರಾಗಿ ಲಂಡನ್ನಿಗೆ ಮರಳಿದ. ಕ್ರಿಸ್ ಬಾರ್ಬರ್, ಮಾಂಟಿ ಸನ್‌ಷೈನ್, ಲಾನಿ ಡೊನೆಗನ್ ಇದ್ದ ತಂಡ ಅವನ ನಾಯಕತ್ವಕ್ಕಾಗಿ ಕಾದಿತ್ತು. ಒಂದೇ ವರ್ಷದಲ್ಲಿ ಜಗಳವಾಗಿ, 1954ರಲ್ಲಿ ಅದು ಒಡೆಯಿತು. ತಾಳ ಹೇಗಿರಬೇಕು, ದನಿ ಎಷ್ಟು ತಗ್ಗಬೇಕು ಎಂಬ ವಿಷಯದಲ್ಲಿ ರಾಜಿಯಾಗುವ ಮನುಷ್ಯ ಅವನಲ್ಲ.

ಕಾಲ್ಯರ್ ಮಾದರಿಯಾಗಿ ತೆಗೆದುಕೊಂಡದ್ದು ಬಂಕ್ ಜಾನ್ಸನ್‌ರಂಥವರನ್ನು. ಲೂಯಿಸಿಯಾನಾದ ನ್ಯೂ ಐಬೀರಿಯಾದಲ್ಲಿ ಹಲ್ಲಿಲ್ಲದೆ ವಾದ್ಯ ಬಿಟ್ಟು ಕೂಲಿ ಮಾಡಿಕೊಂಡಿದ್ದ ಆ ಹಳೆಯ ವಾದಕನನ್ನು ಸಂಶೋಧಕರು ಹುಡುಕಿ ತೆಗೆದರು. ನ್ಯೂ ಆರ್ಲಿಯನ್ಸ್ ಮೂಲದ ಸ್ಯಾಕ್ಸೊಫೋನ್ ವಾದಕ ಸಿಡ್ನಿ ಬೆಶೆಯ ಅಣ್ಣ, ದಂತವೈದ್ಯ ಲಿಯೊನಾರ್ಡ್, ಹಲ್ಲಿನ ಸೆಟ್ ಮಾಡಿಕೊಟ್ಟ ಮೇಲೆ ಅವನು 1942ರಲ್ಲಿ ಮೊದಲ ಬಾರಿಗೆ ಧ್ವನಿಮುದ್ರಣ ಮಾಡಿದ. ಊರು ಬಿಟ್ಟು ಷಿಕಾಗೊಗೆ, ನ್ಯೂಯಾರ್ಕಿಗೆ ಹೋಗಿ ಹೆಸರು ಮಾಡಿದವರಲ್ಲಿ ಒಬ್ಬೊಬ್ಬ ವಾದಕನ ಮೆರೆದಾಟ ಮುಂದೆ ಬಂದು ಒಟ್ಟು ನುಡಿಸಾಣಿಕೆ ಹಿಂದೆ ಸರಿಯಿತು. ಊರಿನಲ್ಲಿ ಉಳಿದವರಲ್ಲಿ ಮಾತ್ರ ಅದು ಉಳಿಯಿತು ಎಂಬುದು ಈ ಪಕ್ಷದ ವಾದ. ಅದರಲ್ಲಿ ಹುರುಳಿದೆ. ಕಾಲ್ಯರ್ 1988ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಅವನ ಕಛೇರಿಗಳ ನಡುವಿನ ಬಿಡುವಿನಲ್ಲಿ ಗಿಟಾರ್, ಬಾಸ್ ಮತ್ತು ಬಟ್ಟೆ ಒಗೆಯುವ ಹಲಗೆ ಹಿಡಿದು ಹಾಡುತ್ತಿದ್ದ ಸ್ಕಿಫಲ್ ಎಂಬ ಸರಳ ಸಂಗೀತವನ್ನು ಡೊನೆಗನ್ ಜನಪ್ರಿಯಗೊಳಿಸಿದ್ದರಿಂದಲೇ ಲಿವರ್‌ಪೂಲಿನ ಜಾನ್ ಲೆನನ್‌ನಂಥ ಹುಡುಗರು ಮೊದಲ ಬಾರಿಗೆ ಗಿಟಾರ್ ಹಿಡಿದರು. ಹಟಮಾರಿಯ ಹಟದಿಂದಲೂ ಹೊಸದು ಹುಟ್ಟುತ್ತದೆ.

ಇಂಥ ನಿಷ್ಠೆಯ ಎದುರು ಲಿಟಲ್‌ಟನ್‌ರ ಬದಲಾವಣೆ ಕೆಲವರಿಗೆ ಸಲೀಸಾದ ದಾರಿಯಾಗಿ ಕಂಡಿದ್ದರೆ ಆಶ್ಚರ್ಯವೇನಿಲ್ಲ.

ಕೇಳುಗ (ಧಾರವಾಡ)

ಇಬ್ಬರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ ಕೇಳಬಹುದೇ? ಲಿಟಲ್‌ಟನ್ 1949ರಲ್ಲಿ ಸಿಡ್ನಿ ಬೆಶೆ ಅವರೊಡನೆ ಲಂಡನ್ನಿನಲ್ಲಿ ನುಡಿಸಿದ್ದು ಕಾನೂನಿಗೆ ವಿರುದ್ಧವಾಗಿತ್ತೆಂದು ಓದಿದೆ. ಕಛೇರಿ ಮಾಡುವುದು ಅಪರಾಧ ಹೇಗಾದೀತು? ಹಾಗೆಯೇ ಲಿಟಲ್‌ಟನ್ ಅವರ 'ಬ್ಯಾಡ್ ಪೆನ್ನಿ ಬ್ಲೂಸ್' ತಟ್ಟೆಯ ಬಗ್ಗೆಯೂ ತಿಳಿಯುವ ಆಸೆಯಿದೆ. ಆ ತಟ್ಟೆಯಲ್ಲಿ ಕೇಳಿಬರುವುದು ಹಳೆಯ ಜಾಝ್ ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸಲಾಗುತ್ತಿಲ್ಲ.

ಪಕ್ಕವಾದ್ಯ — ಉತ್ತರ

ಬೆಶೆ ಪ್ರಕರಣ ಹೀಗಿದೆ. 1930ರ ದಶಕದ ನಡುವಿನಿಂದ ಬ್ರಿಟನ್ ಮತ್ತು ಅಮೆರಿಕದ ವಾದಕರ ಸಂಘಗಳ ನಡುವೆ ತಿಕ್ಕಾಟವಿತ್ತು. ಬ್ರಿಟಿಷ್ ವಾದಕರಿಗೆ ಅಮೆರಿಕದಲ್ಲಿ ಅವಕಾಶವಿಲ್ಲದ ಮೇಲೆ ಅಮೆರಿಕದವರಿಗೆ ಬ್ರಿಟನ್ನಿನಲ್ಲಿ ಏಕೆ ಎಂದು ಬ್ರಿಟಿಷ್ ಸಂಘ ಪಟ್ಟು ಹಿಡಿದದ್ದರಿಂದ, ಕಾರ್ಮಿಕ ಇಲಾಖೆ ಅಮೆರಿಕನ್ ವಾದಕರಿಗೆ ಕೆಲಸದ ಪರವಾನಗಿ ಕೊಡುತ್ತಿರಲಿಲ್ಲ. ಅದರ ಫಲವಾಗಿ ಸುಮಾರು ಇಪ್ಪತ್ತು ವರ್ಷಗಳ ಕಾಲ ಬ್ರಿಟನ್ನಿನ ಒಂದು ಇಡೀ ಪೀಳಿಗೆ ಜಾಝ್ ಅನ್ನು ತಟ್ಟೆಗಳಿಂದಲೇ ಕಲಿಯಬೇಕಾಯಿತು. ಗುರುಮುಖವಿಲ್ಲದ ವಿದ್ಯೆ, ಮಡಿ ಹೆಚ್ಚಾಗಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ, ಏಕೆಂದರೆ ತಟ್ಟೆ ಎಂದೂ ಬದಲಾಗುವುದಿಲ್ಲ.

1949ರ ನವೆಂಬರ್ 13ರಂದು ಡ್ರೂರಿ ಲೇನ್‌ನ ವಿಂಟರ್ ಗಾರ್ಡನ್ ನಾಟಕಶಾಲೆಯಲ್ಲಿ ಲಿಟಲ್‌ಟನ್ ಬ್ಯಾಂಡಿನ ಕಛೇರಿಯಿತ್ತು. ಬೆಶೆ ಪ್ರೇಕ್ಷಕರ ಬಾಕ್ಸ್‌ನಲ್ಲಿ ಕುಳಿತಿದ್ದರು. 'ನಮ್ಮ ನಡುವೆ ಇಂಥವರೊಬ್ಬರು ಬಂದಿದ್ದಾರೆ' ಎಂದು ವೇದಿಕೆಯಿಂದ ಘೋಷಣೆಯಾಯಿತು; ಸಭಿಕರ ಒತ್ತಾಯಕ್ಕೆ ಕಟ್ಟುಬಿದ್ದವರಂತೆ ಅವರು ಎದ್ದು ಬಂದು ಸೊಪ್ರಾನೊ ಸ್ಯಾಕ್ಸೊಫೋನ್ ನುಡಿಸಿದರು. ಅದೇ ದಿನ ಮೆಲೊಡಿಸ್ಕ್ ಕಂಪನಿಗಾಗಿ ಧ್ವನಿಮುದ್ರಣವೂ ನಡೆಯಿತು. ಸರ್ಕಾರ ಈ ನಾಟಕವನ್ನು ನಂಬಲಿಲ್ಲ. ಏರ್ಪಾಡು ಮಾಡಿದವರ ಮೇಲೆ ಮೊಕದ್ದಮೆ ಹೂಡಲಾಯಿತು, ದಂಡವೂ ಬಿತ್ತು. ಇಲ್ಲಿ ಗಮನಿಸಬೇಕಾದ ತಮಾಷೆಯೆಂದರೆ, 1949ರಲ್ಲಿ ಆ ತಂಡದ ನಡುವೆ ನ್ಯೂ ಆರ್ಲಿಯನ್ಸ್‌ನ ಮೂಲನಿವಾಸಿಯೇ ಊದಿದ ಸ್ಯಾಕ್ಸೊಫೋನ್ ಯಾರಿಗೂ ಅಪಚಾರವೆನಿಸಲಿಲ್ಲ. 1953ರಲ್ಲಿ ಟರ್ನರ್ ಊದಿದ್ದು ಅಪಚಾರವಾಯಿತು.

'ಬ್ಯಾಡ್ ಪೆನ್ನಿ ಬ್ಲೂಸ್' 1956ರ ವಸಂತದಲ್ಲಿ ಮುದ್ರಣವಾದದ್ದು. ನಿರ್ಮಾಪಕ ಡೆನಿಸ್ ಪ್ರೆಸ್ಟನ್, ಧ್ವನಿ ಎಂಜಿನಿಯರ್ ಜೋ ಮೀಕ್. ನುಡಿಸಿದವರು ನಾಲ್ವರೇ: ಟ್ರಂಪೆಟ್‌ನಲ್ಲಿ ಲಿಟಲ್‌ಟನ್, ಪಿಯಾನೊದಲ್ಲಿ ಜಾನಿ ಪಾರ್ಕರ್, ಬಾಸ್‌ನಲ್ಲಿ ಜಿಮ್ ಬ್ರೇ, ಡ್ರಮ್‌ನಲ್ಲಿ ಸ್ಟಾನ್ ಗ್ರೇಗ್. ಕ್ಲಾರಿನೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್ ಯಾವುದೂ ಇಲ್ಲದ ಕಾರಣ ನಿಮಗೆ ತೀರ್ಮಾನಿಸಲು ಕಷ್ಟವಾದದ್ದು ಸರಿಯೇ. ಹೆಡ್‌ಫೋನ್ ಹಾಕಿಕೊಂಡು ಪಿಯಾನೊದ ಎಡಗೈಯನ್ನಷ್ಟೇ ಹಿಂಬಾಲಿಸಿ ನೋಡಿ: ಪಾರ್ಕರ್ ಅಲ್ಲಿ ಹಿಡಿದಿರುವುದು ಬೂಗಿ-ವೂಗಿ ಎಂಬ ಹಳೆಯ ಪಿಯಾನೊ ಬ್ಲೂಸ್‌ನ ಉರುಳು ನಡೆ. ಮೀಕ್ ಅದರ ದನಿಯನ್ನು ಒತ್ತಿ, ಸ್ವಲ್ಪ ಒಡೆಯುವಷ್ಟು ದಪ್ಪ ಮಾಡಿದ್ದಾರೆ. ಡ್ರಮ್ಮಿನ ಮೇಲೆ ಬ್ರಷ್ ಸವರುವ ಸದ್ದನ್ನು ಎಂದಿಗಿಂತ ಮುಂದಕ್ಕೆ ತಂದಿದ್ದಾರೆ. ಮುದ್ರಣ ಮುಗಿಯುತ್ತಲೇ ಲಿಟಲ್‌ಟನ್ ರಜೆಗೆ ಹೋಗಿದ್ದರು. ತಾವು ಊರಲ್ಲಿದ್ದು ಅದನ್ನು ಕೇಳಿದ್ದರೆ ಒಪ್ಪುತ್ತಲೇ ಇರಲಿಲ್ಲವೆಂದು ಮುಂದೆ ಅವರೇ ಹೇಳಿಕೊಂಡು ನಗುತ್ತಿದ್ದರು. ಪಾರ್ಲೊಫೋನ್ ಬಿಡುಗಡೆ ಮಾಡಿದ ಆ ತಟ್ಟೆ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ನೇ ಸ್ಥಾನಕ್ಕೇರಿತು. ಹನ್ನೆರಡು ವರ್ಷಗಳ ನಂತರ, 1968ರಲ್ಲಿ, ಅದೇ ಪಾರ್ಲೊಫೋನ್‌ನಿಂದ ಬಂದ ಬೀಟಲ್ಸ್‌ನ 'ಲೇಡಿ ಮಡೋನಾ'ದಲ್ಲಿ ಪಾರ್ಕರ್‌ರ ಪಿಯಾನೊ ನಡೆ ಸ್ಪಷ್ಟವಾಗಿ ಕೇಳಿಸುತ್ತದೆ.

ಮಂದ್ರ ಅವರು ಹೇಳಿದ 'ಸಲೀಸಾದ ದಾರಿ' ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಲಿಟಲ್‌ಟನ್ ಹಳೆಯ ಶೈಲಿಯನ್ನು ಬಿಟ್ಟು ಕೆಲವೇ ವರ್ಷಗಳಲ್ಲಿ ಅದೇ ಶೈಲಿಗೆ ಬ್ರಿಟನ್ನಿನಲ್ಲಿ ಹಣದ ಮಳೆ ಸುರಿಯಿತು. ಕ್ರಿಸ್ ಬಾರ್ಬರ್, ಆ್ಯಕರ್ ಬಿಲ್ಕ್, ಕೆನಿ ಬಾಲ್ ಮೂವರೂ ಜನಪ್ರಿಯತೆಯ ತುದಿಗೇರಿದರು. ಕೆನಿ ಬಾಲ್‌ರ 'ಮಿಡ್‌ನೈಟ್ ಇನ್ ಮಾಸ್ಕೊ' ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. 1963ರ ಹೊತ್ತಿಗೆ ಬೀಟಲ್ಸ್ ಬಂದು ಆ ಅಲೆ ಇಳಿಯಿತೆನ್ನಿ. ಲಾಭದ ಲೆಕ್ಕ ಹಾಕುವವರಾಗಿದ್ದರೆ ಲಿಟಲ್‌ಟನ್ ಕದಲದೆ ಕುಳಿತಿರುತ್ತಿದ್ದರು.

ಗ್ರಾಮಫೋನ್ ತಟ್ಟೆ

ಮಂದ್ರ ಅವರು ಊರು ಬಿಟ್ಟವರು ಮತ್ತು ಊರಲ್ಲಿ ಉಳಿದವರು ಎಂದು ಗೆರೆ ಎಳೆದದ್ದು ಬಹಳ ಉಪಯುಕ್ತವಾಯಿತು. ನನ್ನ ಉತ್ತರವೂ ಆ ಗೆರೆಯ ಮೇಲೆಯೇ ನಿಂತಿದೆ.

ಲಿಟಲ್‌ಟನ್ ಹದಿಹರೆಯದಲ್ಲಿ ಮನಸ್ಸಿನಲ್ಲಿ ಪ್ರತಿಷ್ಠಾಪಿಸಿಕೊಂಡದ್ದು ಆರ್ಮ್‌ಸ್ಟ್ರಾಂಗರನ್ನು, ಎಂದರೆ ಊರು ಬಿಟ್ಟವರಲ್ಲಿಯೇ ಅಗ್ರಗಣ್ಯನಾದವನನ್ನು. ಆರ್ಮ್‌ಸ್ಟ್ರಾಂಗ್ 1922ರಲ್ಲಿ ಕಿಂಗ್ ಆಲಿವರ್ ಕರೆದರೆಂದು ಷಿಕಾಗೊಗೆ ಹೋದರು, 1924ರಲ್ಲಿ ನ್ಯೂಯಾರ್ಕಿನ ಫ್ಲೆಚರ್ ಹೆಂಡರ್ಸನ್‌ರ ದೊಡ್ಡ ಬ್ಯಾಂಡ್ ಸೇರಿದರು, 1925ರಿಂದ 1928ರವರೆಗೆ ಹಾಟ್ ಫೈವ್, ಹಾಟ್ ಸೆವೆನ್ ತಟ್ಟೆಗಳನ್ನು ಮಾಡಿದರು, ಮುಂದೆ ಸ್ಯಾಕ್ಸೊಫೋನುಗಳ ಸಾಲನ್ನೇ ಬೆನ್ನಿಗಿಟ್ಟುಕೊಂಡು, ದೊಡ್ಡ ಬ್ಯಾಂಡುಗಳ ಕುಣಿತದ ಜಾಝ್ ಆದ ಸ್ವಿಂಗ್‌ನ ಕಾಲವನ್ನು ದಾಟಿದರು. ಇಂಥವರನ್ನು ಗುರುವೆಂದು ಒಪ್ಪಿಕೊಂಡವನು 1927ರಲ್ಲಿ ಗಡಿಯಾರ ನಿಲ್ಲಿಸಿ ಕೂರುವುದು ಗುರುವಿನ ನಡೆಗೇ ವಿರುದ್ಧ. ಅದಕ್ಕೇ ಲಿಟಲ್‌ಟನ್ 1950ರ ದಶಕದ ನಡುವಿನಿಂದ ಮೆಯಿನ್‌ಸ್ಟ್ರೀಮ್ ಎಂದು ಕರೆಸಿಕೊಂಡ, ಕೌಂಟ್ ಬೇಸಿ ಮತ್ತು ಡ್ಯೂಕ್ ಎಲಿಂಗ್ಟನ್ ಮಾದರಿಯ ಸ್ವಿಂಗ್‌ಗೆ ಬಂದದ್ದನ್ನು ನಾನು ದಾರಿ ಬಿಟ್ಟದ್ದೆಂದು ಕರೆಯುವುದಿಲ್ಲ. ಅದು ಆರ್ಮ್‌ಸ್ಟ್ರಾಂಗ್ ನಡೆದ ದಾರಿಯನ್ನೇ ತಡವಾಗಿ ನಡೆದದ್ದು. ಕಾಲ್ಯರ್ ಬೇರೆ ಗುರುವನ್ನು ಆರಿಸಿಕೊಂಡಿದ್ದ. ಅವನ ನಿಷ್ಠೆ ಆ ಗುರುವಿಗೆ ತಕ್ಕದ್ದಾಗಿತ್ತು. ಇಬ್ಬರನ್ನೂ ಒಂದೇ ಅಳತೆಗೋಲಿನಿಂದ ಅಳೆದಾಗಲೇ ತಪ್ಪು ತೀರ್ಪು ಬರುತ್ತದೆ. 1956ರಲ್ಲಿ ನಿರ್ಬಂಧ ಸಡಿಲಗೊಂಡು ಆರ್ಮ್‌ಸ್ಟ್ರಾಂಗ್ ಲಂಡನ್ನಿಗೆ ಬಂದಾಗ ಅವರ ಕಛೇರಿಗಳಲ್ಲಿ ಲಿಟಲ್‌ಟನ್ ಬ್ಯಾಂಡೂ ನುಡಿಸಿತು.

ಇನ್ನೂ ಒಂದು ಸಂಗತಿ ಸಾಮಾನ್ಯವಾಗಿ ಮರೆತುಹೋಗುತ್ತದೆ. ಟರ್ನರ್ ಬರುವುದಕ್ಕೂ ಮೊದಲೇ, 1952ರಲ್ಲಿ, ಗಯಾನಾ ಮೂಲದ ಕ್ಲಾರಿನೆಟ್ ವಾದಕ ಫ್ರೆಡಿ ಗ್ರಾಂಟ್ ಜೊತೆಗೂಡಿ, ವೆಸ್ಟ್ ಇಂಡೀಸ್‌ನಿಂದ ಲಂಡನ್ನಿಗೆ ಬಂದು ನೆಲೆಸಿದ್ದ ವಾದಕರನ್ನು ಸೇರಿಸಿಕೊಂಡು, ಲಿಟಲ್‌ಟನ್ 'ಪಸೇಯೊ ಜಾಝ್ ಬ್ಯಾಂಡ್' ನಡೆಸಿದ್ದರು. ಕೆರೀಬಿಯನ್ ತಾಳಗಳು ಅವರ ನುಡಿಸಾಣಿಕೆಯಲ್ಲಿ ಆಗಲೇ ಬೆರೆತಿದ್ದವು. ಬ್ಯಾನರ್ ಏಳುವ ಹೊತ್ತಿಗೆ ಅವರು ಗಡಿ ದಾಟಿ ಒಂದು ವರ್ಷವಾಗಿತ್ತು.

ಮಂದ್ರ

ಗುರುವಿನ ಆಯ್ಕೆಯ ಮಾತನ್ನು ಒಪ್ಪುತ್ತೇನೆ. ಆದರೂ ಕಿವಿಯ ಮಟ್ಟಿಗೆ, 1949–52ರ ನಡುವಿನ ಪಾರ್ಲೊಫೋನ್ ತಟ್ಟೆಗಳಲ್ಲಿ ಫಾಕ್ಸ್‌ರ ಕ್ಲಾರಿನೆಟ್ ಮತ್ತು ಲಿಟಲ್‌ಟನ್‌ರ ಟ್ರಂಪೆಟ್ ಒಂದರ ಬಾಯಿಂದ ಇನ್ನೊಂದು ಮಾತು ಕಸಿದುಕೊಳ್ಳುವ ಸೊಗಸು ಮುಂದಿನ ಎಂಟು ಜನರ ಬ್ಯಾಂಡಿನಲ್ಲಿ ನನಗೆ ಸಿಗುವುದಿಲ್ಲ. ಟೋನಿ ಕೋ, ಜೋ ಟೆಂಪರ್ಲಿ, ಜಿಮ್ಮಿ ಸ್ಕಿಡ್‌ಮೋರ್ ಎಲ್ಲರೂ ದೊಡ್ಡ ವಾದಕರೇ. ಅವರ ಸಂಗೀತ ಬೇರೆ ರುಚಿಯದು, ಅಷ್ಟೆ.

ಪಕ್ಕವಾದ್ಯ

ರುಚಿಯ ವಿಷಯದಲ್ಲಿ ವಾದವಿಲ್ಲ. ಬ್ಯಾಂಡ್ ನಡೆಸುವವರಾಗಿ ಅವರ ಕಸುಬಿನ ಬಗ್ಗೆ ಇದುವರೆಗೆ ಯಾರೂ ಬರೆಯದ ಕಾರಣ ನಾಲ್ಕು ಮಾತು ಸೇರಿಸುತ್ತೇನೆ.

ಆಕ್ಸ್‌ಫರ್ಡ್ ಸ್ಟ್ರೀಟಿನ 100ನೇ ನಂಬರಿನ ನೆಲಮಾಳಿಗೆ, ಎಂದರೆ ಇಂದಿನ 100 ಕ್ಲಬ್, 1950ರ ದಶಕದಲ್ಲಿ ಲಿಟಲ್‌ಟನ್‌ರ ಹೆಸರಿನಲ್ಲಿಯೇ ನಡೆಯುತ್ತಿತ್ತು. ಜಾಝ್ ಎಂದರೆ ಕುರ್ಚಿಯಲ್ಲಿ ಕುಳಿತು ಗಂಭೀರವಾಗಿ ತಲೆಯಾಡಿಸುವುದು ಎಂದುಕೊಂಡಿದ್ದ ಲಂಡನ್ನಿಗೆ ಅದು ಕುಣಿಯುವ ಸಂಗೀತ ಎಂದು ನೆನಪಿಸಿದವರು ಆಸ್ಟ್ರೇಲಿಯಾದಿಂದ ಬಂದ ಗ್ರೇಮ್ ಬೆಲ್‌ರ ತಂಡದವರು. ಆ ಪಾಠವನ್ನು ಲಿಟಲ್‌ಟನ್ ಮೊದಲು ಕಲಿತರು. 1948ರಿಂದ ಅರವತ್ತು ವರ್ಷ ಅವರ ಬ್ಯಾಂಡ್ ಬಾಗಿಲು ಮುಚ್ಚದೆ ನಡೆದದ್ದಕ್ಕೆ, ಅದರ ಆಚೆಗೂ ಅವರಿಗೆ ಆದಾಯವಿತ್ತೆಂಬುದು ಒಂದು ವ್ಯಾವಹಾರಿಕ ಕಾರಣ. 1967ರಿಂದ 2008ರವರೆಗೆ ಬಿಬಿಸಿ ರೇಡಿಯೊ 2ರಲ್ಲಿ 'ದಿ ಬೆಸ್ಟ್ ಆಫ್ ಜಾಝ್' ನಡೆಸಿಕೊಟ್ಟರು. 1972ರಲ್ಲಿ ಶುರುವಾದ 'ಐಯಾಮ್ ಸಾರಿ ಐ ಹ್ಯಾವೆಂಟ್ ಎ ಕ್ಲೂ' ಎಂಬ ರೇಡಿಯೊ ಹಾಸ್ಯಕ್ಕೆ ಸಾಯುವವರೆಗೂ ಅಧ್ಯಕ್ಷರಾಗಿದ್ದರು. ಬ್ರಿಟನ್ನಿನ ಬಹುಪಾಲು ಜನರಿಗೆ ಅವರು ಗೊತ್ತಿದ್ದದ್ದೇ, ಬೇಸರಗೊಂಡವರ ದನಿಯಲ್ಲಿ ಪೋಲಿ ದ್ವಂದ್ವಾರ್ಥಗಳನ್ನು ಏನೂ ಅರಿಯದವರಂತೆ ಓದುವ ಮುದುಕರಾಗಿ. ಆ ಬಲದಿಂದಲೇ ಅವರಿಗೆ ತಮಗೆ ಬೇಕಾದವರನ್ನು ಬ್ಯಾಂಡಿಗೆ ಸೇರಿಸಿಕೊಳ್ಳಲು ಸಾಧ್ಯವಾಯಿತು. ಬೇಸಿ ತಂಡದ ಬಕ್ ಕ್ಲೇಟನ್‌ರನ್ನು 1960ರ ದಶಕದಲ್ಲಿ ಕರೆಸಿ ಜೊತೆಗೆ ನುಡಿಸಿದರು. ಮಹಿಳಾ ವಾದಕರಿಗೆ ಜಾಗವೇ ಇಲ್ಲದಿದ್ದ ಕಾಲದಲ್ಲಿ ಟೆನರ್ ಸ್ಯಾಕ್ಸೊಫೋನ್ ವಾದಕಿ ಕ್ಯಾಥಿ ಸ್ಟೊಬಾರ್ಟ್ ಲಿಟಲ್‌ಟನ್‌ರ ತಂಡದಲ್ಲಿದ್ದರು. 1984ರಲ್ಲಿ ಸ್ವಂತ ಧ್ವನಿಮುದ್ರಣ ಸಂಸ್ಥೆ ತೆರೆದಾಗ ಅದಕ್ಕೆ ಇಟ್ಟ ಹೆಸರು ಕ್ಯಾಲಿಗ್ರಾಫ್. ಅಂದದ ಕೈಬರಹ ಅವರ ಇನ್ನೊಂದು ಗೀಳು.

ಹಳೆಯ ಶೈಲಿಯನ್ನು ಅವರು ನಿಜವಾಗಿ ಬಿಟ್ಟರೇ ಎಂಬ ಮೂಲ ಪ್ರಶ್ನೆಗೆ ನಾನು ಕೊಡುವ ಸಾಕ್ಷ್ಯ 2001ರದು. ರೇಡಿಯೊಹೆಡ್ ಎಂಬ ರಾಕ್ ತಂಡದ ಜಾನಿ ಗ್ರೀನ್‌ವುಡ್ ಲಿಟಲ್‌ಟನ್‌ರಿಗೆ ಪತ್ರ ಬರೆದು, ತಮ್ಮ ಒಂದು ಹಾಡಿನಲ್ಲಿ ನುಡಿಸಿಕೊಡಬೇಕೆಂದು ಕೇಳಿಕೊಂಡರು. 'ಆಮ್ನೀಸಿಯಾಕ್' ಆಲ್ಬಮ್ಮಿನ ಕೊನೆಯ ಹಾಡು 'ಲೈಫ್ ಇನ್ ಎ ಗ್ಲಾಸ್‌ಹೌಸ್' ಅದು. ಎಂಬತ್ತರ ಅಂಚಿನಲ್ಲಿದ್ದ ಲಿಟಲ್‌ಟನ್ ತಮ್ಮ ಬ್ಯಾಂಡಿನವರೊಂದಿಗೆ ಅದಕ್ಕೆ ಕೊಟ್ಟದ್ದು ನ್ಯೂ ಆರ್ಲಿಯನ್ಸ್‌ನ ಶವಯಾತ್ರೆಯ ನಡೆಯನ್ನು. ಟ್ರಂಪೆಟ್, ಕ್ಲಾರಿನೆಟ್, ಟ್ರಾಂಬೋನ್ ಮೂರೂ ಮಂದಗತಿಯಲ್ಲಿ ಒಂದರ ಮೇಲೊಂದು ಹೊರಳುತ್ತವೆ, ಕೊನೆಗೆ ಮೂರೂ ಒಟ್ಟಿಗೆ ಗೋಳಿಡುತ್ತವೆ. ಅದೇ ವರ್ಷದ ಜುಲೈನಲ್ಲಿ ಆಕ್ಸ್‌ಫರ್ಡಿನ ಸೌತ್ ಪಾರ್ಕಿನಲ್ಲಿ ರೇಡಿಯೊಹೆಡ್ ಕಛೇರಿ ನಡೆದಾಗ ವೇದಿಕೆಯ ಮೇಲೆಯೂ ಅದನ್ನು ನುಡಿಸಿದರು. ಕೇಳುಗರೇ, ಮೊದಲು 1949ರ ಬೆಶೆ ಜೊತೆಗಿನ ಮುದ್ರಣವನ್ನು ಕೇಳಿ, ಬೆನ್ನಿಗೇ ಈ ಹಾಡನ್ನು ಕೇಳಿ, ನಿಮ್ಮ ತೀರ್ಮಾನವನ್ನು ಇಲ್ಲಿಯೇ ಬರೆಯಿರಿ. ಮಂದ್ರ ಅವರೂ ಕೇಳಿದರೆ ಇನ್ನೂ ಒಳ್ಳೆಯದು.